ಗಂಜಿ ಧೋತರದ ಹಾಲೆಂಡ್ ಯಾತ್ರೆ

ಕೋಥರೂಡಿನಿಂದ ಹೊರಡುವ ಮೊದಲು

ನಮ್ಮ ವೈಜಯಂತಿಯ ಎಡಗೈ ಮುರಿಯದೇ ಹೋಗಿದ್ದರೆ ನಾನು ಹಾಲೆಂಡ್ ನೋಡುವ ಪ್ರಶ್ನೆಯೇ ಇರಲಿಲ್ಲ. ಹೊರಡಲು ತಿಂಗಳಿರುವಾಗ ಪುಣೆಯ ಕೋಥರೂಡಿನ ನಮ್ಮ ವಸತಿ ಸೊಸೈಟಿಯ ಗೇಟಿನ ಎದುರಿಗೇ ಒಂದು ಗುಂಡಿಗೆ ಅವಳ ಸ್ಕೂಟರ್ ಇಳಿಯಿತು, ಅವಳು ಹಾರಿಬಿದ್ದಳು. ಮೊಣಕೈ ತನಕ ಪ್ಲಾಸ್ಟರ್ ಬಂತು. ಪ್ರಯಾಣ ಮುಂದೆ ಹಾಕು ಎಂದೆ. ಮಗಳು ನನ್ನನ್ನು ಕೆಕ್ಕರಿಸಿ ನೋಡಿದಳು.

"ಕೈ ಮುರದದ ಅವ್ವಾ, ತಲಿ ಮುರದಿಲ್ಲ. ಹೋಗಲಿಕ್ಕೇ ಬೇಕು. ನೀನೂ ಬಾ, ಸಾಮಾನು ಎತ್ತಲಿಕ್ಕೆ ಒಬ್ಬರು ಬೇಕು."

ಹೀಗೆ ನಾನು ಹಮಾಲಿಯಾಗಿ ಪರದೇಶಕ್ಕೆ ಹೊರಟೆ. ಪುಣೆಯ ಕನ್ನಡ ಶಾಲೆಯೊಂದರಲ್ಲಿ ನಿವೃತ್ತಿಯಾಗುವ ತನಕ ಭೂಗೋಳ ಕಲಿಸಿದವಳು ನಾನು. ಹಾಲೆಂಡಿನ ನೆಲ ಅಲ್ಲಲ್ಲಿ ಸಮುದ್ರಕ್ಕಿಂತ ಕೆಳಗಿದೆ ಎಂದು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ. ನಾನು ಮಾತ್ರ ಪುಣೆಯ ಅಂಚಿನ ಕಾತ್ರಜದಲ್ಲಿ ಬಸ್ಸು ಹತ್ತಿದರೆ ಧಾರವಾಡದಲ್ಲಿ ಇಳಿಯುವವಳು. ಅದರಾಚೆ ನನ್ನ ಭೂಗೋಳವೆಲ್ಲ ಗೋಡೆಯ ನಕಾಶೆಯಲ್ಲೇ ಇತ್ತು.

ವೈಜು ಕೆಲಸ ಮಾಡುವುದು ಅಪರಾಧಗಳ ಸಾಕ್ಷ್ಯ ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಬಟ್ಟೆಯ ಮೇಲಿನ ಕಲೆ ರಕ್ತದ್ದೋ ಬೇರೆಯದೋ ಎಂದು ಹೇಳುವುದು ಅವಳ ಕೆಲಸ. ಮಗಳು ಏನು ಮಾಡುತ್ತಾಳೆ ಎಂದು ಕೇಳಿದ ನೆಂಟರು ಉತ್ತರ ಕೇಳಿ ಮುಖ ಕಿವುಚುತ್ತಾರೆ. ಕಿವುಚಿಕೊಳ್ಳಲಿ. ಒಬ್ಬ ನಿರಪರಾಧಿಯ ಅಂಗಿಯ ಮೇಲೆ ಬಿದ್ದದ್ದು ತಾಂಬೂಲದ ಕಲೆ ಎಂದು ಹೇಳಿ ಅವನನ್ನು ಮನೆಗೆ ಕಳಿಸುವ ಹುಡುಗಿ ನನ್ನ ಮಗಳು. ಇದನ್ನು ನಾನು ಮದುವೆಮನೆಯಲ್ಲಿ ಊಟದ ಪಂಕ್ತಿಯಲ್ಲೇ ಹೇಳಿದ್ದೇನೆ, ಮತ್ತೂ ಹೇಳುತ್ತೇನೆ.

ಹಳೆಯ ಪದ್ಧತಿಯಲ್ಲಿ ಕಲೆಯನ್ನು ಒರೆಸಿ ಇಲ್ಲವೇ ಕತ್ತರಿಸಿ ರಾಸಾಯನಿಕ ಹಾಕಿ ನೋಡಬೇಕು. ಕಲೆ ಸಾಸಿವೆಯಷ್ಟೇ ಇದ್ದರೆ ಪರೀಕ್ಷೆಯಲ್ಲೇ ಮುಗಿದುಹೋಗುತ್ತದೆ, ಆಮೇಲೆ ಅದು ಯಾರ ರಕ್ತ ಎಂದು ನೋಡಲು ಏನೂ ಉಳಿಯುವುದಿಲ್ಲ. ವೈಜು ಹಿಡಿದದ್ದು ಹೊಸ ದಾರಿ, ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ. ನಮ್ಮ ಕಣ್ಣು ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಮೂರೇ ಪಾಲು ಮಾಡಿ ನೋಡುತ್ತದೆಯಂತೆ. ಈ ಕ್ಯಾಮೆರಾ ನೂರಾರು ತೆಳು ಪಾಲು ಮಾಡಿ, ಬಟ್ಟೆಯ ಒಂದೊಂದು ಚುಕ್ಕೆಯಿಂದಲೂ ಯಾವ ಪಾಲು ಎಷ್ಟು ಹಿಂದಿರುಗಿ ಬಂತು ಎಂದು ಅಳೆಯುತ್ತದೆ. ಎರಡು ಮನೆಯ ಸಾರು ನೋಡಲು ಒಂದೇ ಬಣ್ಣ ಇದ್ದರೂ ನಾಲಿಗೆಗೆ ಬಿದ್ದ ಕೂಡಲೇ ಬೇರೆ ಎಂದು ತಿಳಿಯುತ್ತದಲ್ಲ, ಹಾಗೆ. ಕುಂಕುಮವೂ ಕೆಂಪು, ರಕ್ತವೂ ಕೆಂಪು. ಆದರೆ ರಕ್ತ ಬೆಳಕನ್ನು ನುಂಗುವ ಜಾಗಗಳೇ ಬೇರೆ. ಬಟ್ಟೆಯನ್ನು ಬೆರಳಿನಿಂದಲೂ ಮುಟ್ಟಬೇಕಿಲ್ಲ.

ತೊಂದರೆ ಏನೆಂದರೆ, ಆ ಕ್ಯಾಮೆರಾಕ್ಕೆ ಕಲಿಸಿದವರೆಲ್ಲ ಅಲ್ಲಿನವರು. ಅದಕ್ಕೆ ಟೊಮೆಟೊ ಸಾಸ್ ಗೊತ್ತು, ದ್ರಾಕ್ಷಾರಸ ಗೊತ್ತು, ಜೀನ್ಸ್ ಪ್ಯಾಂಟ್ ಗೊತ್ತು. ಕುಂಕುಮ, ಗುಲಾಲು, ಮೆಹಂದಿ, ಎಲೆ ಅಡಿಕೆ, ಇಳಕಲ್ ಸೀರೆ, ಕುಪ್ಪಸದ ಖಣ ಯಾವುದೂ ಗೊತ್ತಿಲ್ಲ. ವೈಜು ಪುಣೆಯದೇ ಬಡಾವಣೆ ವಿಮಾನ ನಗರದ ಒಂದು ಕಂಪನಿ ಬೆಳೆಯ ರೋಗ ನೋಡಲು ಇಟ್ಟುಕೊಂಡ ಕ್ಯಾಮೆರಾವನ್ನು ರವಿವಾರಗಳಂದು ಕೇಳಿ ಪಡೆದು, ನಮ್ಮ ಬಟ್ಟೆ, ನಮ್ಮ ಕಲೆಗಳ ದೊಡ್ಡ ಸಂಗ್ರಹ ಕಟ್ಟಿದಳು. ಅದನ್ನು ನೋಡಿದ ಹಾಲೆಂಡಿನ ವಿಶ್ವವಿದ್ಯಾಲಯವೊಂದು ಕರೆ ಕಳಿಸಿತು. ಬಂದು ನಮ್ಮ ಕಣ್ಣೆದುರು ಪರೀಕ್ಷೆ ಕೊಡಿ. ಸರಿಯಾದರೆ ಜೊತೆಗೆ ಕೆಲಸ ಮಾಡೋಣ, ಅಂಥದೊಂದು ಕ್ಯಾಮೆರಾ ಪುಣೆಗೇ ಕೊಡುತ್ತೇವೆ. ಇಲ್ಲವಾದರೆ ಇಲ್ಲ. ಎರವಲು ಕ್ಯಾಮೆರಾ ಕೊಟ್ಟ ಕಂಪನಿಯೂ ಅಷ್ಟರಲ್ಲಿ ಊರು ಬಿಡುವುದರಲ್ಲಿತ್ತು. ಮುರಿದ ಕೈ ಹಿಡಿದುಕೊಂಡು ಅವಳು ಹಟ ಹಿಡಿದದ್ದು ಅದಕ್ಕೇ.

ಪರೀಕ್ಷೆಗೆ ಬೇಕಾದ ಬಟ್ಟೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ತಂಗಿ ಊರಿನಿಂದ ಬಸ್ಸಿನಲ್ಲಿ ಕಳಿಸಿದ ಕೆಂಪು ಖಣ, ನನ್ನ ಹಳೆಯ ಇಳಕಲ್ ಸೀರೆ, ನಮ್ಮ ಮನೆಯವರ ಒಂದು ಬಿಳಿ ಧೋತರ. ಖಣಕ್ಕೂ ಸೀರೆಗೂ ಏನೂ ಮಾಡುವುದಿರಲಿಲ್ಲ. ಧೋತರ ಮಾತ್ರ ಮಂಕಾಗಿ ಮುದುಡಿ ಕೂತಿತ್ತು. ಒಗೆದು, ನೀಲಿಯಲ್ಲಿ ಅದ್ದಿ, ಗಂಜಿ ಹಾಕಿ, ಇಸ್ತ್ರಿ ಮಾಡಿ, ಹಪ್ಪಳದ ಹಾಗೆ ಮಾಡಿ ಇಟ್ಟೆ. ಪರದೇಶದ ಪ್ರೊಫೆಸರರ ಎದುರು ನಮ್ಮ ಮನೆಯ ಬಟ್ಟೆ ಮುದುಡಿ ಕೂತರೆ ಮಾನ ಯಾರದು ಹೋಗುತ್ತದೆ?

ಹೆನ್ನಿಯ ಮನೆ

ನಾವಿದ್ದ ಊರಿನ ಹೆಸರು ಗಂಟಲಿನ ಆಳದಿಂದ ಬರಬೇಕು. ನನಗೆ ಬರಲಿಲ್ಲ, ಆದ್ದರಿಂದ ಬರೆಯುವುದೂ ಇಲ್ಲ. ಕಾಲುವೆಗಳ ಊರು, ಸೈಕಲ್ಲುಗಳ ಊರು. ನಾನು ಮದುವೆಯಾಗಿ ಬಂದಾಗ ಪುಣೆಯೂ ಸೈಕಲ್ಲುಗಳ ಊರೇ ಆಗಿತ್ತು. ನಾವು ಮುಂದುವರಿದು ಸ್ಕೂಟರ್ ಏರಿ ಗುಂಡಿಗೆ ಬಿದ್ದೆವು, ಇವರು ಸೈಕಲ್ ಮೇಲೇ ಉಳಿದು ಎಂಬತ್ತರ ಮುದುಕಿಯರೂ ನನ್ನನ್ನು ಗಂಟೆ ಹೊಡೆದು ಪಕ್ಕಕ್ಕೆ ಸರಿಸುತ್ತಾರೆ.

ನಾವು ಉಳಿದದ್ದು ಹೆನ್ನಿ ಎಂಬ ವಿಧವೆಯ ಮನೆಯ ಮೇಲಂತಸ್ತಿನಲ್ಲಿ. ಮೆಟ್ಟಿಲು ಎಂದರೆ ಗೋಡೆಗೆ ಒರಗಿಸಿದ ಏಣಿ. ಹತ್ತುವುದು ಹೇಗೋ ಆಯಿತು, ಇಳಿಯುವಾಗ ಸೀರೆಯ ನಿರಿಗೆ ಎತ್ತಿ ಹಲ್ಲಲ್ಲಿ ಕಚ್ಚಿ ಹಿಮ್ಮುಖವಾಗಿ ಇಳಿದೆ. ಹೆನ್ನಿ ಕೆಳಗೆ ನಿಂತು ನೋಡಿ, ಇಂಗ್ಲಿಷಿನಲ್ಲಿ "ಈ ಉಡುಪು ಈ ಮನೆಗೆ ಆಗುವುದಿಲ್ಲ" ಎಂದಳು. ಮುಖದ ಮೇಲೆ ಹೊಡೆದ ಹಾಗೆ ಹೇಳುವುದು ಅಲ್ಲಿನ ರೀತಿ. ನನಗೇನೂ ಬೇಜಾರಾಗಲಿಲ್ಲ. 'ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು' ಎಂದು ಫಲಕ ಬರೆದು ಹಾಕುವ ಜನರ ನಡುವೆ ಜೀವ ಸವೆಸಿದವಳು ನಾನು. ಪುಣೆಯಲ್ಲಿ ಪಳಗಿದವರಿಗೆ ಹಾಲೆಂಡಿನ ಮಾತು ಮೈಗೆ ಹತ್ತುವುದಿಲ್ಲ.

ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟಳು. ಒಂದೇ. ಕೊಟ್ಟು ಡಬ್ಬಿಯ ಮುಚ್ಚಳ ಹಾಕಿ ಕಪಾಟಿನಲ್ಲಿಟ್ಟಳು. ನಾನು ತಂದಿದ್ದ ಕರದಂಟಿನ ಡಬ್ಬಿ ಪೂರ್ತಿ ತೆರೆದು ಅವಳ ಮುಂದೆ ತಳ್ಳಿದೆ. ಅವಳೂ ಒಂದೇ ತೆಗೆದುಕೊಂಡಳು, ಮುಚ್ಚಳ ಹಾಕಿ ನನಗೆ ವಾಪಸು ಕೊಟ್ಟಳು.

ಮಾರನೆಯ ಸಂಜೆ ಹೆನ್ನಿಯ ಮೊಮ್ಮಗಳ ಹುಟ್ಟುಹಬ್ಬ. ಕುರ್ಚಿಗಳನ್ನು ಗುಂಡಗೆ ಇಟ್ಟು ಎಲ್ಲರೂ ಕೂತಿದ್ದರು. ಒಳಗೆ ಬಂದವರು ಮೊಮ್ಮಗಳ ಕೈ ಕುಲುಕುವುದು ಸರಿ, ಆಮೇಲೆ ಹೆನ್ನಿಯ ಕೈ, ಅಪ್ಪನ ಕೈ, ಚಿಕ್ಕಮ್ಮನ ಕೈ ಹಿಡಿದು ಕುಲುಕುತ್ತ ಏನೋ ಅನ್ನುತ್ತಿದ್ದರು. ಒಬ್ಬಾತ ನನ್ನ ಕೈಯನ್ನೂ ಕುಲುಕಿಬಿಟ್ಟ.

"ಇವ್ರು ನನ್ನ ಕೈ ಯಾಕ ಕುಲುಕಾಕತ್ಯಾರ? ಏನ ಅನ್ನಾಕತ್ಯಾರ?" ಎಂದು ವೈಜುವಿಗೆ ಕೇಳಿದೆ.

"ಇಲ್ಲಿ ಹಂಗೇ ಅವ್ವಾ. ಹುಡುಗಿ ಹುಟ್ಟಿದ್ದಕ್ಕ ಮನಿ ಮಂದಿಗೆಲ್ಲ ಅಭಿನಂದನೆ. 'ನಿಮ್ಮ ಮಗಳ ಸಲುವಾಗಿ ಅಭಿನಂದನೆ' ಅಂತಾರ. ನಿನ್ನೂ ಮನಿಯಾಕಿ ಅಂತ ತಿಳ್ಕೊಂಡಾರ."

ನನಗೆ ನಗು ತಡೆಯಲಾಗಲಿಲ್ಲ. ಸೀರೆ ಉಟ್ಟ ನಾನು ಆ ಬೆಳ್ಳಗಿನ ಹುಡುಗಿಯ ಯಾವ ಕಡೆಯ ನೆಂಟಳಾದೇನು? ಹುಟ್ಟಿದವಳು ಅವಳು, ನಿಮಗೆಲ್ಲ ಯಾತರ ಮರ್ಯಾದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಪ್ರಯೋಗಾಲಯ

ಪ್ರೊಫೆಸರ್ ವಿಲೆಮ್ ನನ್ನ ವಯಸ್ಸಿನವರು. ವಿದ್ಯಾರ್ಥಿಗಳೂ ಅವರನ್ನು ಬರೀ ಹೆಸರು ಹಿಡಿದೇ ಕರೆಯುತ್ತಾರೆ, ಕಾಫಿಯನ್ನು ಅವರೇ ಹೋಗಿ ತರುತ್ತಾರೆ. ವೈಜು ಬಾಯಿ ತಪ್ಪಿ 'ಸರ್' ಎಂದಾಗಲೆಲ್ಲ ಯಾರಿಗೋ ಅಂದಳೇನೋ ಎಂದು ಹಿಂದೆ ತಿರುಗಿ ನೋಡುತ್ತಿದ್ದರು. ಅವರ ಸಹಾಯಕಿ ಅನೂಕ್, ಎತ್ತರದ, ಮಾತು ಕಡಿಮೆಯ ಹುಡುಗಿ.

ಪರೀಕ್ಷೆಯ ನಿಯಮ ಸರಳ. ನಾವು ತಂದ ಬಟ್ಟೆಯನ್ನು ಅನೂಕ್ ತುಂಡು ಮಾಡಿ ಕಲೆ ಹಾಕುತ್ತಾಳೆ. ಯಾವುದರ ಮೇಲೆ ಏನಿದೆ ಎಂದು ಅವಳಿಗೆ ಮಾತ್ರ ಗೊತ್ತು. ವೈಜು ಮುಟ್ಟದೆ, ಮೂಸದೆ, ಕ್ಯಾಮೆರಾದಿಂದಲೇ ಹೇಳಬೇಕು. ರಕ್ತಕ್ಕಾಗಿ ವಿಲೆಮ್ ತಮ್ಮ ಬೆರಳನ್ನೇ ಚುಚ್ಚಿಕೊಂಡು ಪಟ್ಟಿ ಸುತ್ತಿಕೊಂಡರು. ಕುಂಕುಮ ನನ್ನ ಕರಡಿಗೆಯದು. ತಾಂಬೂಲಕ್ಕೆ, ಸುರಿನಾಮ್ ದೇಶದಿಂದ ಬಂದು ಅಲ್ಲಿ ನೆಲೆಸಿದ ಹಿಂದೂಗಳ ಅಂಗಡಿಯೊಂದರಲ್ಲಿ ಎಲೆ ಸಿಕ್ಕಿತು. ಅಗಿಯುವವರು ಯಾರು? ಎಲ್ಲರೂ ನನ್ನ ಕಡೆ ನೋಡಿದರು.

"ನಾಚಬ್ಯಾಡ ಅವ್ವಾ, ಛಲೋ ಅಗದು ಉಗುಳು. ಉಗುಳೂ ಸಾಕ್ಷಿನ. ಅದರಾಗೂ ಮನುಷ್ಯಾನ ಗುರುತು ಇರ್ತದ."

ಶಾಲೆಯ ಗೋಡೆಗೆ ಉಗುಳಿದವರ ಕಿವಿ ಹಿಂಡಿದ ಭೂಗೋಳದ ಟೀಚರು ಹಾಲೆಂಡಿನ ವಿಶ್ವವಿದ್ಯಾಲಯದಲ್ಲಿ ಗಾಜಿನ ಬಟ್ಟಲಿಗೆ ಎಲೆ ಅಡಿಕೆ ಉಗುಳಿದಳು. ಅನೂಕ್ ಅದನ್ನು ತೀರ್ಥದ ಹಾಗೆ ಎರಡೂ ಕೈಯಲ್ಲಿ ಹಿಡಿದು ಒಯ್ದಳು. ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು ಕಲೆ ಹಾಕಿದಳು.

ಮರುದಿನ ಬೆಳಿಗ್ಗೆ ಕ್ಯಾಮೆರಾ ಎದುರು ಮೊದಲ ಧೋತರದ ತುಂಡು ಇಟ್ಟರು. ಬಟ್ಟೆ ನಿಧಾನ ಸರಿಯುತ್ತದೆ, ಕ್ಯಾಮೆರಾ ಗೆರೆ ಗೆರೆಯಾಗಿ ಓದುತ್ತದೆ. ಪರದೆಯ ಮೇಲೆ ಚಿತ್ರ ಮೂಡಿತು. ರಕ್ತದ ಅನುಮಾನ ಬಂದ ಜಾಗಕ್ಕೆಲ್ಲ ಹಳದಿ ಹಚ್ಚುವ ಹಾಗೆ ವೈಜು ಅದನ್ನು ಸಿದ್ಧಮಾಡಿದ್ದಳು. ಇಡೀ ತುಂಡೇ ಹಳದಿಯಾಯಿತು. ಎರಡನೆಯದೂ ಹಾಗೇ. ಕೊನೆಗೆ ಏನೂ ಕಲೆ ಹಾಕದ ಖಾಲಿ ಧೋತರ ಇಟ್ಟರೂ ಹಳದಿ.

ಮಗಳ ಮುಖದಲ್ಲಿ ರಕ್ತವೇ ಇಲ್ಲದ ಹಾಗಾಯಿತು. ಎರಡು ಮೂರು ಸಲ ಏನೇನೋ ಒತ್ತಿ ನೋಡಿದಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಅವ್ವಾ, ಈ ಧೋತರಕ್ಕ ಏನರ ಮಾಡೀಯೇನು?"

"ಏನ ಮಾಡ್ಬೇಕು? ಒಗದೇನಿ, ನೀಲಿ ಹಾಕೇನಿ, ಗಂಜಿ ಹಾಕೇನಿ, ಇಸ್ತ್ರಿ ಮಾಡೇನಿ."

"ಯಾಕ?"

"ಯಾಕಂದ್ರ? ಪರದೇಶಕ್ಕ ಒಯ್ಯೂ ಬಟ್ಟಿ ಹಂಗ ಮುದ್ದಿ ಮಾಡಿ ಒಯ್ಯೂದೇನು?"

ಅವಳು ಕಣ್ಣು ಮುಚ್ಚಿಕೊಂಡಳು. ರಕ್ತ ಬೆಳಕನ್ನು ನುಂಗುವ ಜಾಗದ ಪಕ್ಕದಲ್ಲೇ ನನ್ನ ನೀಲಿಯೂ ನುಂಗುತ್ತದೆಯಂತೆ. ಮೇಲೆ ಗಂಜಿಯ ಪದರು ಬೇರೆ. ಪುಣೆಯಲ್ಲಿ ಅವಳು ಕ್ಯಾಮೆರಾಕ್ಕೆ ತೋರಿಸಿದ್ದು ಅಂಗಡಿಯಿಂದ ತಂದ ಹೊಸ ಧೋತರ. ಗಂಜಿ ಕುಡಿದ ಈ ಧೋತರದ ಪರಿಚಯವೇ ಅದಕ್ಕಿರಲಿಲ್ಲ.

ವಿಲೆಮ್ ವಿಷಯ ಕೇಳಿ ತಿಳಿದುಕೊಂಡು, "ನಮ್ಮ ಹತ್ತಿಬಟ್ಟೆ ಇದೆ, ಅದರ ಮೇಲೆ ಮಾಡೋಣ. ಇಲ್ಲವಾದರೆ ಮುಂದಿನ ವರ್ಷ ಬನ್ನಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ನಿಂತ ನೆಲ ಸಮುದ್ರಕ್ಕಿಂತ ಇನ್ನೂ ಕೆಳಗೆ ಹೋದ ಹಾಗಾಯಿತು. ಮುಂದಿನ ವರ್ಷ ಎಂದರೆ ಪುಣೆಗೆ ಬರಬೇಕಾದ ಕ್ಯಾಮೆರಾ ಬೇರೆ ಯಾವುದೋ ಊರಿಗೆ ಹೋಗುತ್ತದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ವೈಜು ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲಿಟ್ಟಳು. "ಬೇಡ. ನಮ್ಮಲ್ಲಿ ಧೋತರ ಉಡುವವರು ನೀಲಿ, ಗಂಜಿ ಹಾಕಿಯೇ ಉಡುತ್ತಾರೆ. ಪೊಲೀಸರು ನನಗೆ ತಂದುಕೊಡುವ ಬಟ್ಟೆಯೂ ಹೀಗೇ ಇರುತ್ತದೆ. ತಪ್ಪು ನನ್ನ ಸಂಗ್ರಹದ್ದು, ಬಟ್ಟೆಯದಲ್ಲ. ನನಗೆ ನಾಳೆಯ ತನಕ ಸಮಯ ಕೊಡಿ" ಎಂದಳು.

ಧ್ವನಿ ಒಂದಿಷ್ಟೂ ಅಲುಗಲಿಲ್ಲ. ನನ್ನನ್ನು ಬಯ್ಯಲೂ ಇಲ್ಲ. ಆ ಕ್ಷಣ ನನಗೆ ನಾಚಿಕೆಗಿಂತ ಹೆಮ್ಮೆಯೇ ಹೆಚ್ಚಾಯಿತು, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಹೆನ್ನಿಯ ಅಡುಗೆಮನೆ

ವೈಜುವಿಗೆ ಈಗ ಉಳಿದ ಧೋತರದ ನಾಲ್ಕು ತುಂಡು ಬೇಕಿತ್ತು. ಏನೂ ಇಲ್ಲದ್ದೊಂದು, ಬರೀ ಗಂಜಿಯದೊಂದು, ಬರೀ ನೀಲಿಯದೊಂದು, ಎರಡೂ ಇದ್ದದ್ದೊಂದು. ಕ್ಯಾಮೆರಾಕ್ಕೆ ಒಂದೊಂದನ್ನೂ ತೋರಿಸಿ, ಇದು ಗಂಜಿ, ಇದು ನೀಲಿ ಎಂದು ಬೇರೆ ಬೇರೆಯಾಗಿ ಕಲಿಸಿದರೆ, ಉಳಿದದ್ದರಲ್ಲಿ ರಕ್ತ ಯಾವುದೆಂದು ಹೇಳಲು ಬರುತ್ತದೆ.

"ನೀಲಿ ಎಲ್ಲಿ ಸಿಗಬೇಕು ಇಲ್ಲಿ?" ಎಂದು ತಲೆ ಹಿಡಿದುಕೊಂಡಳು.

ನಾನು ನನ್ನ ಪೆಟ್ಟಿಗೆಯಿಂದ ನೀಲಿಯ ಬಾಟಲಿ ತೆಗೆದು ಮುಂದಿಟ್ಟೆ. ಸೀರೆಯೊಳಗೆ ಉಡುವ ನನ್ನ ಬಿಳಿ ಪರಕಾರಗಳನ್ನು ನಾನು ಎಲ್ಲಿ ಹೋದರೂ ಮಂಕಾಗಲು ಬಿಡುವುದಿಲ್ಲ. ಆವತ್ತು ಮೊದಲ ಸಲ ಅವಳು ನಕ್ಕಳು.

ಹೆನ್ನಿಯ ಅನುಮತಿ ಕೇಳಿ ಬೇಸಿನ್ನಿನಲ್ಲಿ ಧೋತರವನ್ನು ಬಿಸಿನೀರಿಗೆ ಹಾಕಿ ತಿಕ್ಕಿ ತಿಕ್ಕಿ ನೀಲಿ, ಗಂಜಿ ಎರಡನ್ನೂ ಬಿಡಿಸಿದೆ. ಅನ್ನ ಮೆತ್ತಗೆ ಬೇಯಿಸಿ, ಅರೆದು, ಸೋಸಿ ಗಂಜಿ ಮಾಡಿದೆ. ಹೆನ್ನಿ ಬಂದು ಪಾತ್ರೆಯೊಳಗೆ ಬಗ್ಗಿ ನೋಡಿದಳು. ಸ್ವಲ್ಪ ಹೊತ್ತಿಗೆ ನೋಡಿದರೆ ಮೇಜಿನ ಮೇಲೆ ಮೂರು ಬಟ್ಟಲು, ಮೂರು ಚಮಚ, ಸಕ್ಕರೆ, ದಾಲ್ಚಿನ್ನಿ ಪುಡಿ. ಅದು ಪಾಯಸದಂಥದ್ದೇನೋ ಎಂದುಕೊಂಡಿದ್ದಳು. ಬಟ್ಟೆಗೆ ಎಂದು ತಿಳಿಸಿದೆವು. ಅವಳು ಬಟ್ಟಲು ಒಳಗಿಡದೆ ಒಂದು ಚಮಚ ಬಾಯಿಗೆ ಹಾಕಿಕೊಂಡು, "ಬಟ್ಟೆಗೇ ಸರಿ" ಎಂದಳು.

ಒದ್ದೆ ತುಂಡುಗಳನ್ನು ಒಣಗಿಸಲು ತನ್ನ ಕೂದಲು ಒಣಗಿಸುವ ಯಂತ್ರ ತಂದುಕೊಟ್ಟವಳೂ ಅವಳೇ. ನಾನು ಇಸ್ತ್ರಿ ಹಿಡಿದೆ, ಅವಳು ಗಾಳಿ ಹಿಡಿದಳು. ಕೆಲಸ ಮುಗಿದ ಮೇಲೆ ಬಿಸ್ಕತ್ತಿನ ಡಬ್ಬಿ ತಂದು ಮೇಜಿನ ಮೇಲಿಟ್ಟಳು, ಮುಚ್ಚಳ ಹಾಕಲಿಲ್ಲ.

ಕತ್ತಲೆ ಕೋಣೆ

ಪರೀಕ್ಷೆಯ ದಿನ ಕೋಣೆ ಕತ್ತಲು ಮಾಡಿ ಕ್ಯಾಮೆರಾದ ದೀಪ ಮಾತ್ರ ಉರಿಸಿದ್ದರು. ವಿಲೆಮ್, ಅನೂಕ್, ಇನ್ನೂ ಕೆಲವರು ಗೋಡೆಗೆ ಒರಗಿ ನಿಂತಿದ್ದರು. ವೈಜು ಮೊದಲು ನಾಲ್ಕು ತುಂಡುಗಳನ್ನು ಕ್ಯಾಮೆರಾಕ್ಕೆ ತೋರಿಸಿದಳು, ಆಮೇಲೆ ಕಲೆಯ ಧೋತರ ಇಟ್ಟಳು. ಈ ಸಲ ಇಡೀ ಬಟ್ಟೆ ಕಪ್ಪಾಗಿ ನಿಂತಿತು. ನಡುವೆ ಒಂದು ಚುಕ್ಕೆ ಮಾತ್ರ ಹಳದಿ ಹೊಳೆಯಿತು.

"ರಕ್ತ" ಎಂದಳು. ಅನೂಕ್ ತಲೆಯಾಡಿಸಿದಳು.

ಮುಂದಿನದು ತಾಂಬೂಲ, ರಕ್ತವಲ್ಲ. ತಲೆಯಾಡಿಸಿದಳು. ಇಳಕಲ್ ಸೀರೆಯ ಮೇಲೆ ಮೆಹಂದಿ. ಸರಿ. ನೋಡಲು ಸ್ವಚ್ಛವಾಗಿದ್ದ ಒಂದು ತುಂಡಿನ ಮೇಲೆ ತೊಳೆದ ರಕ್ತದ ಮಸುಕು ನೆರಳು ಸಿಕ್ಕಿತು. ಅದೂ ಸರಿ. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದೆ.

ಕೊನೆಯದು ಕೆಂಪು ಖಣ. ಕಣ್ಣಿಗೆ ಏನೇನೂ ಕಾಣುವಂತಿರಲಿಲ್ಲ. ವೈಜು ಬಹಳ ಹೊತ್ತು ಪರದೆ ನೋಡಿದಳು.

"ಕುಂಕುಮ ಇದೆ. ಅದರ ಅಂಚಿನಲ್ಲಿ ರಕ್ತವೂ ಇದೆ."

ಅನೂಕ್ ತಲೆಯಾಡಿಸಲಿಲ್ಲ. "ಇಲ್ಲ. ಆ ಖಣಕ್ಕೆ ನಾನು ಕುಂಕುಮ ಮಾತ್ರ ಹಾಕಿದ್ದೇನೆ."

ವಿಲೆಮ್ ಮೆಲ್ಲಗೆ ಕೇಳಿದರು, "ಇನ್ನೊಮ್ಮೆ ನೋಡುತ್ತೀರಾ? ಉತ್ತರ ಬದಲಿಸಬಹುದು."

ಬದಲಿಸು ಮಗಳೇ, ಅವಳೇ ಹಾಕಿದವಳು, ಅವಳಿಗೆ ಗೊತ್ತಿರುವುದಿಲ್ಲವೇ ಎಂದು ಕೂಗಬೇಕೆನಿಸಿತು. ಹಲ್ಲು ಕಚ್ಚಿ ಹಿಡಿದೆ.

ವೈಜು ಇನ್ನೊಮ್ಮೆ ಓದಿಸಿದಳು. "ಬದಲಿಸುವುದಿಲ್ಲ. ಇಲ್ಲಿ ರಕ್ತ ಇದೆ. ಆಕಾರವೂ ಕಾಣುತ್ತಿದೆ, ನೋಡಿ." ಪರದೆಯ ಮೇಲೆ ಚಿತ್ರ ದೊಡ್ಡದು ಮಾಡಿದಳು. ಕುಂಕುಮದ ಅಂಚಿನಿಂದ ಇಣುಕುತ್ತಿದ್ದದ್ದು ಅರ್ಧ ಬೆರಳ ತುದಿಯ ಗುರುತು.

ಎಲ್ಲರ ಕಣ್ಣೂ ಒಂದೊಂದಾಗಿ ವಿಲೆಮ್ ಕೈ ಕಡೆ ಹೊರಳಿದವು. ಅವರೂ ತಮ್ಮ ಬೆರಳಿನ ಪಟ್ಟಿಯನ್ನು ನೋಡಿಕೊಂಡರು. ಮೊನ್ನೆ ಬೆರಳು ಚುಚ್ಚಿಕೊಂಡ ಮೇಲೆ ಅವರೇ ಖಣದ ತುಂಡನ್ನು ಎತ್ತಿ ಅನೂಕ್ ಕೈಗೆ ಕೊಟ್ಟಿದ್ದರಂತೆ. ಪಟ್ಟಿಯ ಬದಿಯಿಂದ ಒಸರಿದ್ದು ಕೆಂಪು ಖಣದಲ್ಲಿ ಕೂತು ಮರೆಯಾಗಿತ್ತು. ಅನೂಕ್ ಆ ಅಂಚನ್ನು ಹತ್ತಿಯ ಕಡ್ಡಿಯಿಂದ ಒರೆಸಿ ರಾಸಾಯನಿಕದ ಹನಿ ಹಾಕಿದಳು. ಹತ್ತಿ ಬಣ್ಣ ತಿರುಗಿತು. ರಕ್ತವೇ.

"ಸಿಕ್ಕಿಬಿದ್ದೆ" ಎಂದರು ವಿಲೆಮ್, ಎರಡೂ ಕೈ ಮೇಲೆತ್ತಿ. ಕೋಣೆಯ ತುಂಬ ನಗು ಎದ್ದಿತು. ದೀಪ ಹಾಕಿದರು. ವೈಜು ಕುರ್ಚಿಯಲ್ಲಿ ಕೂತುಬಿಟ್ಟಳು, ಪ್ಲಾಸ್ಟರಿನ ಕೈ ಮಡಿಲಲ್ಲಿ.

ವಿಲೆಮ್ ಅವಳ ಕಡೆ ಹೋಗುತ್ತಾರೆ ಎಂದುಕೊಂಡೆ. ಅವರು ಅವಳನ್ನು ದಾಟಿ, ಮೂಲೆಯಲ್ಲಿ ನಿಂತ ನನ್ನ ಹತ್ತಿರ ಬಂದು, ಪಟ್ಟಿ ಕಟ್ಟಿದ ಕೈ ಚಾಚಿದರು.

"ನಿಮ್ಮ ಮಗಳ ಸಲುವಾಗಿ ಅಭಿನಂದನೆ. ಕ್ಯಾಮೆರಾ ಪುಣೆಗೆ ಬರುತ್ತದೆ."

ಅವರ ಹಿಂದೆ ಅನೂಕ್ ಬಂದಳು, ಅವಳ ಹಿಂದೆ ಉಳಿದವರು. ಒಬ್ಬೊಬ್ಬರೂ ನನ್ನ ಕೈ ಕುಲುಕಿ ಅದನ್ನೇ ಹೇಳಿದರು. ಹುಟ್ಟುಹಬ್ಬದ ಮನೆಯಲ್ಲಿ ನಾನು ನಕ್ಕಿದ್ದೆನಲ್ಲ, ಈಗ ನಗು ಬರಲಿಲ್ಲ. ಅವಳನ್ನು ಹೆತ್ತದ್ದಕ್ಕೆ ಇಷ್ಟು ವರ್ಷದಲ್ಲಿ ಯಾರೂ ನನ್ನ ಕೈ ಹಿಡಿದು ಅಭಿನಂದಿಸಿರಲಿಲ್ಲ. ಹೆಣ್ಣು ಹುಟ್ಟಿತೆಂದು ತಿಳಿದಾಗ ಆಸ್ಪತ್ರೆಯಲ್ಲಿ ನಮ್ಮ ನೆಂಟರೇ ಸಮಾಧಾನ ಹೇಳಿ ಹೋಗಿದ್ದರು. ನಾನು ಎಲ್ಲರ ಎದುರೂ ಸೆರಗಿನಿಂದ ಕಣ್ಣು ಒರೆಸಿಕೊಂಡೆ, ಮುಚ್ಚಿಡುವ ಗೋಜಿಗೇ ಹೋಗಲಿಲ್ಲ.

ಮತ್ತೆ ಕೋಥರೂಡ

ಮನೆ ಮುಟ್ಟಿದಾಗ ಬೆಳಗಿನ ಅಡುಗೆಯ ಹೊತ್ತು. ಬಾಗಿಲು ತೆಗೆದವರು ನಮ್ಮ ಮನೆಯವರು. ನಾವು ಬರುತ್ತೇವೆಂದು ಸಾರು ಮಾಡಲು ನಿಂತಿದ್ದರು, ಕೈಯೆಲ್ಲ ಅರಿಶಿನ. ಉಟ್ಟ ಧೋತರಕ್ಕೆ ಗಂಜಿಯೂ ಇಲ್ಲ, ನೀಲಿಯೂ ಇಲ್ಲ, ಜೋಲು ಬಿದ್ದಿತ್ತು. ಅವರು ಫೋನಿನಲ್ಲಿ ಎಲ್ಲ ಕೇಳಿದ್ದರೂ ವೈಜುವಿಗೆ, "ಬಂದ್ಯಾ? ಕೈ ಹ್ಯಾಂಗದ?" ಎಂದಷ್ಟೇ ಅಂದರು. ಮಾತಿನ ಮನುಷ್ಯ ಅಲ್ಲ.

ನಾನು ಚೀಲ ಕೆಳಗಿಟ್ಟು ಕೈ ಮುಂದೆ ಚಾಚಿದೆ.

"ಇದೇನಿದು?" ಎಂದರು.

"ಕೈ ಕೊಡ್ರಿ. ನಿಮ್ಮ ಮಗಳ ಸಲುವಾಗಿ ನಿಮಗ ಅಭಿನಂದನೆ."

ಮದುವೆಯಾಗಿ ಇಷ್ಟು ವರ್ಷವಾದರೂ ನಾವಿಬ್ಬರು ಕೈ ಕುಲುಕಿದವರಲ್ಲ. ಅವರು ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. ಕೈಯನ್ನು ಗಡಬಡಿಸಿ ಧೋತರಕ್ಕೇ ಒರೆಸಿದರು. ಬಿಳಿ ಬಟ್ಟೆಯ ಮೇಲೆ ಐದೂ ಬೆರಳು ಹಳದಿಯಾಗಿ ಮೂಡಿದವು. ಬೇರೆ ದಿನವಾಗಿದ್ದರೆ ಆ ಕಲೆಗೆ ನಾನು ಮನೆ ತಲೆಯ ಮೇಲೆ ಹೊತ್ತು ಕೂಗಾಡುತ್ತಿದ್ದೆ. ಅವರು ನನ್ನ ಕೈ ಹಿಡಿದರು. ಒಳಗಿನಿಂದ ಒಗ್ಗರಣೆ ಸೀದ ವಾಸನೆ ಬರತೊಡಗಿತು. ಆದರೂ ಅವರು ಕೈ ಬಿಡಲಿಲ್ಲ.